ಹರಾಜಿಗೆ ಹೋದ ಕೊಸರು

ಇಂದ್ರಮ್ಮನವರ ವಿಷಯ ಬಂದಾಗ ಯಾರಾದರೂ "ಪಾಪ, ಓದು ಬರಹ ಇಲ್ಲದ ಹೆಂಗಸು" ಎಂದರೆ ನನಗೆ ರೇಗುತ್ತದೆ. ಅವರು ಪಾಪವೂ ಅಲ್ಲ, ಓದು ಬರಹ ಇಲ್ಲದವರೂ ಅಲ್ಲ. ನಾಲ್ಕನೇ ಕ್ಲಾಸಿನ ತನಕ ಓದಿದ್ದಾರೆ, ಕನ್ನಡ ಪೇಪರನ್ನು ಜಾಹೀರಾತು ಸಮೇತ ಓದುತ್ತಾರೆ, ಇಂಗ್ಲಿಷಿನ ಗಂಧವಿಲ್ಲದೆ ಇಂಟರ್ನೆಟ್ಟಿನಲ್ಲಿ ವ್ಯಾಪಾರ ಮಾಡಿದ್ದಾರೆ. ನಾನು ಮಾಲಾ. ಕುರುಬರಹಳ್ಳಿ ಮುಖ್ಯರಸ್ತೆಯಲ್ಲಿ ಜೆರಾಕ್ಸ್, ಡಿಟಿಪಿ, ಇಂಟರ್ನೆಟ್ ಎಂದು ಬೋರ್ಡು ಹಾಕಿರುವ ಅಂಗಡಿ ನನ್ನದು. ಆ ವ್ಯಾಪಾರದ ಟೈಪಿಂಗ್ ಪೂರ್ತಿ ನಾನೇ ಮಾಡಿದ್ದರಿಂದ ಅದರ ಕಥೆ ಹೇಳುವ ಹಕ್ಕೂ ನನಗೇ ಸೇರಬೇಕು.

ಇಂದ್ರಮ್ಮ ಹುಟ್ಟಿದ್ದು ಕುರುಬರಹಳ್ಳಿಯಲ್ಲೇ, ಅಲ್ಲಿ ಇನ್ನೂ ರಾಗಿ ಬೆಳೆಯುತ್ತಿದ್ದ ಕಾಲದಲ್ಲಿ. ಗಂಡ ಮುನಿರಾಮಯ್ಯ ಮಾಗಡಿ ರಸ್ತೆಯ ಗಿರಣಿಯೊಂದರಲ್ಲಿ ಕೆಲಸಕ್ಕಿದ್ದರು. ಎಪ್ಪತ್ತೈದರ ಸುಮಾರಿಗೆ ಇಂದ್ರಮ್ಮ ಬಸವೇಶ್ವರನಗರದ ನಮ್ಮ ಸ್ಕೂಲಿನ ಗೇಟಿನೆದುರು ಒಂದು ಮಂಕರಿಯಲ್ಲಿ ನೆಲ್ಲಿಕಾಯಿ, ಸೀಬೆಹಣ್ಣು ಇಟ್ಟುಕೊಂಡು ಕೂತರು. ಐದು ವರ್ಷಕ್ಕೆ ಮಂಕರಿ ಹೋಗಿ ಪೆಟ್ಟಿಗೆ ಅಂಗಡಿ ಬಂತು. ನಾನು ಆ ಸ್ಕೂಲಿಗೆ ಸೇರಿದಾಗ ಪೆಪ್ಪರಮಿಂಟು, ಬಳಪ, ನಿಬ್ಬು, ಕಡಲೆಮಿಠಾಯಿ ಎಲ್ಲವೂ ಅಲ್ಲಿ ಸಿಗುತ್ತಿದ್ದವು. ಟೀಚರುಗಳು ಕೂಡ ಅಡಿಕೆ ಪುಡಿಗೆ ಅಲ್ಲಿಗೇ ಬರುತ್ತಿದ್ದರು, ನಮ್ಮ ಕಣ್ಣು ತಪ್ಪಿಸಿ.

ಆ ಅಂಗಡಿಯಲ್ಲಿ ಒಂದು ಪದ್ಧತಿ ಇತ್ತು. ಹತ್ತು ಪೈಸೆಗೆ ಎಂಟು ನೆಲ್ಲಿಕಾಯಿ ಎಣಿಸಿ ಕೊಟ್ಟ ಮೇಲೆ ಇಂದ್ರಮ್ಮ ಮುಖವನ್ನು ರಸ್ತೆಯ ಕಡೆಗೆ ತಿರುಗಿಸಿಕೊಂಡು, ಡಬ್ಬಕ್ಕೆ ಕೈ ಹಾಕಿ, ಸಿಕ್ಕಿದ್ದೊಂದನ್ನು ನಮ್ಮ ಅಂಗೈಗೆ ಹಾಕುತ್ತಿದ್ದರು. ಅದು ಕೊಸರು. ಹೂವಿನವಳು ಮೊಳ ಹಾಕಿದ ಮೇಲೆ ನಾಲ್ಕು ಬೆರಳು ಮುಂದೆ ಬಿಟ್ಟು ಕತ್ತರಿಸುವುದು, ಹಾಲಿನವನು ಅಳತೆ ಮುಗಿದ ಮೇಲೆ ಚೂರು ಸುರಿಯುವುದು ಎಲ್ಲರಿಗೂ ಗೊತ್ತಿರುವುದೇ. ಇಂದ್ರಮ್ಮನವರದು ಅದರ ಮೇಲೊಂದು ನಿಯಮ, ಅವರ ತಾಯಿಯಿಂದ ಬಂದದ್ದು. ಕೊಸರನ್ನು ನೋಡಿ ಹಾಕಬಾರದು. ನೋಡಿದರೆ ಕೈ ತಾನಾಗಿ ಚಿಕ್ಕದನ್ನೇ ಹುಡುಕುತ್ತದಂತೆ.

ಎಂಬತ್ತನಾಲ್ಕರಲ್ಲಿ ಆ ಅಂಗಡಿಗೆ ಗಿಣಿ ಮಾರ್ಕಿನ ಬಬಲ್ ಗಮ್ ಬಂತು. ಒಂದೊಂದು ಪೊಟ್ಟಣದಲ್ಲೂ ಒಂದು ಕಾರ್ಡು, ಒಂದೊಂದು ಕಾರ್ಡಿನ ಮೇಲೂ ಒಂದು ರೈಲು ಎಂಜಿನ್ನಿನ ಬಣ್ಣದ ಚಿತ್ರ. ಒಟ್ಟು ಅರವತ್ತು. ಅರವತ್ತನ್ನೂ ಜೋಡಿಸಿದವರಿಗೆ ಕೀಲಿ ಕೊಟ್ಟರೆ ಓಡುವ ಆಟಿಕೆ ರೈಲು ಬಹುಮಾನ ಎಂದು ಹೇಳಿದ್ದರು. ನಾನು ಐವತ್ತೊಂಬತ್ತು ಜೋಡಿಸಿದ್ದೆ. ನನ್ನ ಕ್ಲಾಸಿನಲ್ಲಿ ಇನ್ನೂ ಆರು ಜನ ಐವತ್ತೊಂಬತ್ತಕ್ಕೇ ನಿಂತಿದ್ದರು. ನಲವತ್ತಮೂರನೇ ನಂಬರು ಯಾರಿಗೂ ಸಿಗಲಿಲ್ಲ. ಅದನ್ನು ಅಚ್ಚೇ ಹಾಕಿಲ್ಲ, ಬಹುಮಾನ ಕೊಡಬೇಕಾಗುತ್ತದೆ ಎಂದು ಕಂಪನಿಯವರು ಮೋಸ ಮಾಡಿದ್ದಾರೆ ಎಂದು ನಾವು ತೀರ್ಮಾನಿಸಿದೆವು. ಎರಡು ವರ್ಷದಲ್ಲಿ ಕಂಪನಿಯೇ ಮುಚ್ಚಿಹೋಯಿತು. ವಾಪಸ್ ತೆಗೆದುಕೊಂಡು ಹೋಗುತ್ತೇನೆಂದು ಮೂರು ಪೆಟ್ಟಿಗೆ ಮಾಲು ಇಟ್ಟು ಹೋದ ಏಜೆಂಟ್ ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಗಮ್ಮು ಇರುವೆಗೆ ಹೋಯಿತು. ಕಾರ್ಡುಗಳನ್ನು ಇಂದ್ರಮ್ಮ ಬಿಡಿಸಿ, ಒರೆಸಿ, ಟ್ರಂಕಿಗೆ ತುಂಬಿ ಅಟ್ಟಕ್ಕೆ ಹಾಕಿದರು. ಅಚ್ಚಾದ ಕಾಗದ ಸರಸ್ವತಿ, ಒಲೆಗೆ ಹಾಕಬಾರದು ಎನ್ನುವುದು ಅವರ ನಂಬಿಕೆ.

ಇಪ್ಪತ್ತು ವರ್ಷ ಕಳೆದ ಮೇಲೆ, ಎರಡು ಸಾವಿರದ ಐದರಲ್ಲಿ, ನಾನು ಒಂದು ಹರಾಜಿನ ಸೈಟಿನಲ್ಲಿ ಹಳೆಯ ಪ್ರಿಂಟರ್ ಹುಡುಕುತ್ತಿದ್ದಾಗ ಗಿಣಿ ಮಾರ್ಕಿನ ಎಂಜಿನ್ ಕಾರ್ಡೊಂದು ಕಣ್ಣಿಗೆ ಬಿತ್ತು. ಒಂದೇ ಕಾರ್ಡು, ಮೂಲೆ ಹರಿದದ್ದು, ಎಂಬತ್ತು ರೂಪಾಯಿ. ರೈಲಿನ ಹುಚ್ಚಿರುವವರು ದೇಶದ ತುಂಬ ಇದ್ದಾರೆ, ಅವರು ಇಂಥದ್ದಕ್ಕೆ ದುಡ್ಡು ಕೊಡುತ್ತಾರೆ ಎಂದು ನನಗೆ ತಿಳಿದದ್ದೇ ಆವತ್ತು. ಶಟರ್ ಅರ್ಧ ಎಳೆದು ಬಸವೇಶ್ವರನಗರಕ್ಕೆ ಓಡಿದೆ.

"ಇಂದ್ರಮ್ಮನೋರೆ, ಆ ಟ್ರಂಕು ಇದೆಯಾ?"

"ಇರ್ದೆ ಎಲ್ಲೋಗ್ತದೆ? ಯಾಕೆ, ಈಗ ರೈಲು ಕೊಡ್ತಾರಂತಾ?"

ಆ ಹೊತ್ತಿಗೆ ಸ್ಕೂಲಿನವರು ಒಳಗೇ ಕ್ಯಾಂಟೀನ್ ಮಾಡಿ, ಮಕ್ಕಳು ಗೇಟು ದಾಟಬಾರದೆಂದು ನಿಯಮ ತಂದಿದ್ದರು. ಇಂದ್ರಮ್ಮನವರಿಗೆ ನೊಣ ಹೊಡೆಯುವುದನ್ನು ಬಿಟ್ಟರೆ ಬೇರೆ ಕೆಲಸವಿರಲಿಲ್ಲ. ನಾನು ಹೇಳಿದ್ದನ್ನು ಪೂರ್ತಿ ಕೇಳಿ, "ನಡಿ, ನೋಡೇ ಬಿಡಣ" ಎಂದರು.

ನೋಡಿದೆವು. ಮೊದಲ ತಿಂಗಳು ನನಗೆ ಹರಾಜು ಎಂಬ ಪದ ಕೇಳಿದರೆ ತಲೆ ಬಿಸಿಯಾಗುತ್ತಿತ್ತು. ಏಳು ದಿನ ಯಾರೂ ಮುಟ್ಟದ ಕಾರ್ಡಿಗೆ ಕೊನೆಯ ನಿಮಿಷದಲ್ಲಿ ನಾಲ್ಕು ಜನ ಮುಗಿಬೀಳುವರು, ಸರಿಯಾಗಿ ಆಗಲೇ ಕರೆಂಟು ಹೋಗುವುದು. ಗೆದ್ದವನು ದುಡ್ಡು ಕಳಿಸದೆ ನಾಪತ್ತೆಯಾಗುವನು. ಇನ್ನೊಬ್ಬ ಚೆಕ್ ಕಳಿಸಿ, ಅದು ಪಾಸಾಗುವ ಮೊದಲೇ ಕಾರ್ಡೆಲ್ಲಿ ಎಂದು ದಿನಕ್ಕೆ ಮೂರು ಮೇಲ್ ಹಾಕುವನು. ಒಬ್ಬನಿಗೆ ಕಾರ್ಡಿನ ಅಂಚು ಸ್ಕ್ಯಾನಿನಲ್ಲಿ ಕಂಡಷ್ಟು ಬೆಳ್ಳಗಿರಲಿಲ್ಲ. ಪುಣೆಯ ಒಬ್ಬ ಮಹಾಶಯ ಕಾರ್ಡಿನಿಂದ ಲವಂಗದ ವಾಸನೆ ಬರುತ್ತಿದೆ ಎಂದು ದೂರು ಬರೆದ. ನಾನು ಕೀಬೋರ್ಡ್ ಕುಟ್ಟಿ ಜಗಳಕ್ಕೆ ಸಿದ್ಧಳಾದರೆ ಇಂದ್ರಮ್ಮ ತಡೆದರು.

"ಲವಂಗದ ಡಬ್ಬದ ಪಕ್ಕ ಇತ್ತು, ವಾಸನೆ ಬಂದೇ ಬರ್ತದೆ. ಹೌದು ಸ್ವಾಮಿ ಅಂತ ಬರಿ. ಬೇಡಾಂದ್ರೆ ದುಡ್ಡು ವಾಪಸ್ ಕೊಡಣ ಅನ್ನು."

ಹಾಗೆಯೇ ಬರೆದೆ. ಆತ ದುಡ್ಡು ಕೇಳಲಿಲ್ಲ, ಮತ್ತೆ ಎಂಟು ಕಾರ್ಡು ಕೊಂಡ. ಆಮೇಲೆ ನಾನು ಅವರ ಮಾತಿಗೆ ಎದುರಾಡುವುದನ್ನು ಸ್ವಲ್ಪ ಕಡಿಮೆ ಮಾಡಿದೆ. ಸಂಪೂರ್ಣ ಬಿಡಲಿಲ್ಲ, ಅದು ನನ್ನ ಜಾಯಮಾನವಲ್ಲ.

ಆ ಸೈಟಿನಲ್ಲಿ ಕೊಂಡವರು ಮಾರಿದವರಿಗೆ ಅಂಕ ಹಾಕುವ ವ್ಯವಸ್ಥೆ ಇತ್ತು. ಒಳ್ಳೆಯದಾದರೆ ಹಸಿರು ಗುರುತು, ಕೆಟ್ಟದಾದರೆ ಕೆಂಪು. ಎಲ್ಲ ಕೂಡಿಸಿ ಹೆಸರಿನ ಪಕ್ಕದಲ್ಲಿ ನೂರಕ್ಕೆ ಇಷ್ಟು ಎಂದು ತೋರಿಸುತ್ತಿದ್ದರು. ಇಂದ್ರಮ್ಮನವರಿಗೆ ನೂರಕ್ಕೆ ನೂರು ಇತ್ತು. ಅದರ ಅರ್ಥ ಹೇಳಿದಾಗ ಅವರು ಎರಡು ಸಲ ಕೇಳಿಸಿಕೊಂಡು, ಆ ಪುಟವನ್ನು ಕಲರ್ ಪ್ರಿಂಟ್ ತೆಗೆಸಿ, ಪ್ಲಾಸ್ಟಿಕ್ ಕವರಿಗೆ ಹಾಕಿ ಅಂಗಡಿಯ ಒಳಗೋಡೆಗೆ ಅಂಟಿಸಿದರು. ಮೂವತ್ತು ವರ್ಷ ಸ್ಕೂಲಿನೆದುರು ಕೂತು, ಮಕ್ಕಳ ಕೈಯಲ್ಲಿ ಅಂಕಪಟ್ಟಿ ನೋಡಿ, ಕೆಲವರ ಕಣ್ಣೊರೆಸಿ ಕಳಿಸಿದವರು ಅವರು. ಅಡಿಕೆ ಪುಡಿಗೆ ಬಂದ ಹೆಡ್ ಮೇಡಂ ಜಗದಾಂಬಾ ಅವರನ್ನು ನಿಲ್ಲಿಸಿ, "ಮೇಡಂನೋರೆ, ಇದು ನಂದು" ಎಂದು ತೋರಿಸಿದ್ದನ್ನು ನಾನೇ ನೋಡಿದ್ದೇನೆ. ಮೇಡಂ ಕೈ ಕುಲುಕಿದರು. ಇಂದ್ರಮ್ಮ ನಾಚಿದ್ದನ್ನು ಅವತ್ತೊಂದೇ ದಿನ ಕಂಡದ್ದು.

ಇಷ್ಟರ ನಡುವೆ ನನಗೂ ಅವರಿಗೂ ನಿತ್ಯ ಜಗಳ ನಡೆಯುತ್ತಿದ್ದ ವಿಷಯವೆಂದರೆ ಕೊಸರು. ಪಾರ್ಸೆಲ್ ಮುಚ್ಚುವ ಮುಂಚೆ ಅವರು ಮುಖ ಆ ಕಡೆ ಮಾಡಿ, ಮೂಲೆ ಮಾಸಿದ ಕಾರ್ಡುಗಳನ್ನು ಹಾಕಿಟ್ಟ ಬಿಸ್ಕತ್ತಿನ ತಗಡು ಡಬ್ಬಕ್ಕೆ ಕೈ ಹಾಕಿ, ಒಂದು ಕಾರ್ಡು ತೆಗೆದು ರಟ್ಟಿನ ನಡುವೆ ಸೇರಿಸುತ್ತಿದ್ದರು. ಆರಂಭದಲ್ಲಿ ಕೊಂಡವರೇ ಗಾಬರಿಯಾದರು. ಐದು ಕೇಳಿದರೆ ಆರು ಬಂದಿವೆ, ಇದು ಯಾರದ್ದು, ವಾಪಸ್ ಕಳಿಸುವ ಖರ್ಚು ಯಾರದ್ದು ಎಂದು ಕೇಳಿದರು. ಆಮೇಲೆ ರುಚಿ ಹತ್ತಿತು. ದೊಡ್ಡ ಕಟ್ಟು ಬಿಟ್ಟು ಒಂದೊಂದೇ ಅಗ್ಗದ ಕಾರ್ಡು ಕೊಂಡು, ಈ ಸಲ ಉಚಿತಕ್ಕೆ ಏನು ಬರುತ್ತದೋ ನೋಡೋಣ ಎನ್ನುವ ಬುದ್ಧಿವಂತರು ಹುಟ್ಟಿಕೊಂಡರು.

"ನಿಮ್ಮ ಕೊಸರೇ ನಿಮ್ಮ ರೇಟು ಹಾಳು ಮಾಡ್ತಾ ಇದೆ ಆಂಟಿ. ನಿಲ್ಸಿ ಅದನ್ನ. ಇದು ನೆಲ್ಲಿಕಾಯಲ್ಲ."

"ನೆಲ್ಲಿಕಾಯಿಗೇ ಕೊಟ್ಟೋಳು ಇದಕ್ಕೆ ಕೊಡದೆ ಇರ್ತೀನಾ? ಮುಖ ನೋಡದೆ ದುಡ್ಡು ಕಳಿಸ್ತಾರೆ ಕಣೇ ಅವ್ರು. ನನ್ ಕೈಯಿಂದ ಒಂದ್ ಚೂರಾದ್ರೂ ಮೇಲೆ ಹೋಗ್ಬೇಕು."

ಎರಡು ಸಾವಿರದ ಏಳರ ನವೆಂಬರಿನಲ್ಲಿ ನಾಗಪುರದ ಒಬ್ಬಾತ ಐದು ಕಾರ್ಡು ಕೊಂಡ. ಐದಕ್ಕೂ ಸೇರಿ ಮುನ್ನೂರು ರೂಪಾಯಿ. ಯಥಾಪ್ರಕಾರ ಡಬ್ಬದಿಂದ ಒಂದು ಕೊಸರು ಹೋಯಿತು. ಹದಿನೈದು ದಿನ ಬಿಟ್ಟು ಆತನೇ ಅದೇ ಸೈಟಿನಲ್ಲಿ ಒಂದು ಕಾರ್ಡನ್ನು ಹರಾಜಿಗಿಟ್ಟ. ತೆರೆಯ ಮೇಲೆ ಅದರ ಚಿತ್ರ ಮೂಡಿದಾಗ ಮೊದಲು ನಂಬರು ನೋಡಿದೆ. ನಲವತ್ತಮೂರು.

ಮೂರು ಪೆಟ್ಟಿಗೆಯ ಕಾರ್ಡುಗಳನ್ನು ನಾನೇ ಕೂತು ನಂಬರಿನ ಪ್ರಕಾರ ವಿಂಗಡಿಸಿದ್ದೆ, ಅದೊಂದನ್ನು ಹುಡುಕಿಕೊಂಡೇ. ಸಿಕ್ಕಿರಲಿಲ್ಲ. ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಅದರ ಮೇಲೆ ಚೌಕಾಕಾರದ ಕಂದು ಕಲೆ, ಇನ್ನೊಂದು ಕಾರ್ಡು ಅಂಟಿಕೊಂಡಿದ್ದು ಬಿಡಿಸಿದ ಗುರುತು. ಹಳೆಯ ಗಮ್ಮು ಕರಗಿ ಎರಡು ಕಾರ್ಡು ಒಂದಕ್ಕೊಂದು ಮೆತ್ತಿಕೊಂಡು, ನಮ್ಮ ಕಣ್ಣಿಗೆ ಒಂದೇ ಎನಿಸಿ, ಮೂಲೆ ಮಾಸಿದ್ದರಿಂದ ಕೊಸರಿನ ಡಬ್ಬ ಸೇರಿತ್ತು. ನಾಗಪುರದವನು ಅದನ್ನು ನೀರಿನ ಹಬೆಯಲ್ಲಿ ಬಿಡಿಸಿರಬೇಕು. ಆದರೆ ಆತ ಬರೆದದ್ದೇ ಬೇರೆ: ರೈಲ್ವೆಯಲ್ಲಿದ್ದ ನನ್ನ ತಾತ ಬೆಂಗಳೂರಿಗೆ ಹೋದಾಗ ತಂದದ್ದು, ನಮ್ಮ ಮನೆತನದ ಸ್ವತ್ತು. ಕಾರ್ಡು ಒಂಬತ್ತು ಸಾವಿರಕ್ಕೆ ಹೋಯಿತು.

ಹೊಟ್ಟೆ ಉರಿದುಹೋಯಿತು. ಆತನಿಗೆ ಬರೆಯೋಣ, ವಾಪಸ್ ಕೇಳೋಣ, ಸೈಟಿನವರಿಗೆ ದೂರು ಕೊಡೋಣ ಎಂದು ಹಾರಾಡಿದೆ. ಇಂದ್ರಮ್ಮ ಚಿತ್ರವನ್ನು ಬಹಳ ಹೊತ್ತು ನೋಡಿದರು.

"ಇತ್ತಲ್ಲೇ ಮಾಲಾ! ನೀವೆಲ್ಲ ಇಲ್ಲಾಂತ ಎಷ್ಟು ಅತ್ತಿದ್ರಿ. ಅಚ್ಚು ಹಾಕಿದ್ರು ನೋಡು ಪಾಪ, ಮೋಸ ಮಾಡಿರ್ಲಿಲ್ಲ."

"ಅದಲ್ಲ ಆಂಟಿ ಈಗ ವಿಷಯ! ನೀವು ಕೊಟ್ಟಿದ್ದು ಒಂದು, ಇದು ಗೊತ್ತಿಲ್ದೆ ಹೋಗಿದ್ದು. ಕೇಳ್ಬೋದು."

"ಕೊಸರನ್ನ ಯಾವತ್ತು ನೋಡಿ ಕೊಟ್ಟಿದೀನಿ? ಅಂಟ್ಕೊಂಡು ಹೋಗಿದ್ದೂ ಕೊಸರೇ. ವಾಪಸ್ ಕೇಳೋದಾದ್ರೆ ಕೊಡ್ಲೇಬಾರ್ದು."

ಅಲ್ಲಿಗೆ ಮುಗಿಯಿತು ಎಂದುಕೊಂಡರೆ ಮುಗಿಯಲಿಲ್ಲ. ಒಂದು ವಾರಕ್ಕೆ ಆ ನಾಗಪುರದವನೇ ನನ್ನ ಅಂಗಡಿಗೆ ಫೋನ್ ಮಾಡಿದ. ಕಾರ್ಡು ಗೆದ್ದವರು ಜಬಲ್ಪುರದ ನಿವೃತ್ತ ರೈಲ್ವೆ ಗಾರ್ಡ್ ಒಬ್ಬರು. ಇಷ್ಟು ವರ್ಷ ಯಾರೂ ಕಾಣದ ಕಾರ್ಡು ಅಸಲಿಯೋ ನಕಲಿಯೋ ಎಂದು ಅವರಿಗೆ ಅನುಮಾನ ಬಂದಿತ್ತು. ಪುರಾವೆ ಕೊಡದೆ ದುಡ್ಡು ಕೊಡುವುದಿಲ್ಲ ಎಂದಿದ್ದರು. ಆದ್ದರಿಂದ ಇಂದ್ರಮ್ಮ ಒಂದು ಪತ್ರ ಬರೆದು ನೇರವಾಗಿ ಆ ಗಾರ್ಡ್ ಅವರಿಗೇ ಕಳಿಸಬೇಕು: ಎಂಬತ್ತನಾಲ್ಕರಲ್ಲಿ ನನ್ನ ಅಂಗಡಿಗೆ ಬಂದ ರೈಲ್ವೆ ನೌಕರರೊಬ್ಬರಿಗೆ ಈ ಕಾರ್ಡು ಮಾರಿದ್ದೆ, ಇವನು ಅವರ ಮೊಮ್ಮಗ.

"ಅದಕ್ಕೆ ಎರಡು ಸಾವಿರ ಕೊಡ್ತೀನಿ" ಎಂದ ಹಿಂದಿಯಲ್ಲಿ. ಆಮೇಲೆ ಬಹಳ ಮೆತ್ತಗೆ ಇನ್ನೊಂದು ಮಾತು ಸೇರಿಸಿದ. ತಾನು ಇಂದ್ರಮ್ಮನವರಿಗೆ ಇನ್ನೂ ಅಂಕ ಹಾಕಿಲ್ಲವಂತೆ. ಹಸಿರೋ ಕೆಂಪೋ ಎಂದು ಈ ವಾರ ನಿರ್ಧಾರ ಮಾಡುತ್ತಾನಂತೆ.

ಆತನ ಎರಡು ಸಾವಿರವನ್ನು ಮುಖಕ್ಕೆ ಎಸೆಯುವುದು ನನಗೆ ಕಷ್ಟವಿರಲಿಲ್ಲ. ಆದರೆ ಆ ಕೆಂಪು ಗುರುತಿಗೆ ನಾನು ಹೆದರಿದೆ. ಗೋಡೆಯ ಮೇಲಿನ ಹಾಳೆ ಕಣ್ಣ ಮುಂದೆ ಬಂತು. ಯಾರೋ ಒಬ್ಬ ದಗಲಬಾಜಿಯ ತಾತನಿಗಾಗಿ ಇಂದ್ರಮ್ಮನವರ ನೂರು ಹೋಗಬೇಕೇ? ಒಂದು ಪತ್ರ, ನಾಲ್ಕು ಸಾಲು, ಅದೂ ಇಂಗ್ಲಿಷಿನಲ್ಲಿ. ಕಾರ್ಡಂತೂ ಅಸಲಿಯೇ. ಹೀಗೆಲ್ಲ ನನಗೆ ನಾನೇ ಹೇಳಿಕೊಂಡು, ಆತ ಕೇಳಿದಂತೆಯೇ ಪತ್ರ ಟೈಪು ಮಾಡಿ, ಪ್ರಿಂಟ್ ತೆಗೆದುಕೊಂಡು ಬಸವೇಶ್ವರನಗರಕ್ಕೆ ಹೋದೆ. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ: ಅವರಿಗೆ ಇಂಗ್ಲಿಷ್ ಬರುವುದಿಲ್ಲ ಎಂಬುದನ್ನೇ ನಂಬಿಕೊಂಡು ಹೋದೆ.

ಇಂದ್ರಮ್ಮ ಕೈ ಒರೆಸಿಕೊಂಡು ಪೆನ್ನು ತೆಗೆದುಕೊಂಡರು. ಸಹಿ ಮಾಡುವ ಜಾಗಕ್ಕೆ ಪೆನ್ನು ಇಟ್ಟು, ಹಾಗೇ ತಡೆದು, "ಓದು" ಎಂದರು. ಯಾವ ಕಾಗದವನ್ನೂ ಓದಿಸಿಕೊಳ್ಳದೆ ಸಹಿ ಹಾಕುವವರಲ್ಲ ಎಂಬುದು ನನಗೆ ಮರೆತೇಹೋಗಿತ್ತು.

ಕನ್ನಡದಲ್ಲಿ ಸುಳ್ಳು ಓದಲು ಶುರು ಮಾಡಿದೆ. "ನಾನು ಇಂದ್ರಮ್ಮ, ಬೆಂಗಳೂರಿನ ಬಸವೇಶ್ವರನಗರದಲ್ಲಿ ಮೂವತ್ತು ವರ್ಷದಿಂದ ಅಂಗಡಿ ಇಟ್ಟಿದ್ದೇನೆ. ಈ ಕಾರ್ಡು ನನ್ನ ಅಂಗಡಿಯದು. ಇದನ್ನು ನಾನು ಕೊಸರಾಗಿ..." ಹಾಳೆಯಲ್ಲಿ ಆ ಪದವೇ ಇರಲಿಲ್ಲ. ಅವರು ನನ್ನ ಮುಖ ನೋಡುತ್ತಾ, ತಲೆಯಾಡಿಸುತ್ತಾ, ಪ್ರತಿ ಮಾತನ್ನೂ ನಂಬಿ ಕೇಳುತ್ತಿದ್ದರು.

"ಯಾಕ್ ನಿಲ್ಸಿದೆ?"

"ಇದರಲ್ಲಿ ಹಾಗಿಲ್ಲ ಆಂಟಿ" ಎಂದು, ಇದ್ದದ್ದನ್ನು ಇದ್ದ ಹಾಗೆ ಓದಿದೆ. ತಾತ, ಮೊಮ್ಮಗ, ಎಂಬತ್ತನಾಲ್ಕು, ಎಲ್ಲವನ್ನೂ.

"ಇದನ್ನ ಯಾರೇ ಬರ್ದಿದ್ದು?"

"ನಾನೇ. ಬರೀದಿದ್ರೆ ಅವನು ಕೆಂಪು ಹಾಕ್ತಾನಂತೆ. ನಿಮ್ಮ ನೂರು ಹೋಗತ್ತೆ."

ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಅವರು ಗೋಡೆಯ ಕಡೆಗೂ ನೋಡಲಿಲ್ಲ. ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡು ನಾಲ್ಕು ಮಡಿಕೆ ಮಾಡಿ ನನಗೇ ವಾಪಸ್ ಕೊಟ್ಟರು.

"ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ ಕಣೇ. ನೂರು ಬೇಕು ನಂಗೆ, ಬೇಡಾ ಅಂತ ಅನ್ನಲ್ಲ. ಹೋದ್ರೆ ಹೊಟ್ಟೆ ಉರೀತದೆ. ಆದ್ರೆ ಆ ಗಾರ್ಡಪ್ಪ ನನ್ನ ಮಾತು ಕೇಳಿ ದುಡ್ಡು ಬಿಚ್ತಾನೆ. ಆ ಮಾತು ಸುಳ್ಳಿರಬಾರ್ದು. ಬರ್ಕೋ."

ನಾನು ಅದೇ ಹಾಳೆಯ ಹಿಂಬದಿಗೆ ಬರೆದುಕೊಂಡೆ. ಆಮೇಲೆ ಇಂಗ್ಲಿಷ್ ಮಾಡಿ, ಕೆಳಗೆ ಅವರ ಕನ್ನಡ ಸಹಿ ಹಾಕಿಸಿ, ಜಬಲ್ಪುರಕ್ಕೆ ರಿಜಿಸ್ಟರ್ ಮಾಡಿದ್ದು ಇಷ್ಟೇ: ಈ ಕಾರ್ಡು ಅಸಲಿ. ಎಂಬತ್ತನಾಲ್ಕರಲ್ಲಿ ನನ್ನ ಅಂಗಡಿಗೆ ಬಂದ ಮಾಲಿನದು. ಹೋದ ತಿಂಗಳು ನಾಗಪುರದವರು ಐದು ಕಾರ್ಡು ಕೊಂಡರು, ಮೇಲೊಂದು ಕೊಸರು ಹಾಕಿದೆ, ಅದಕ್ಕೆ ಅಂಟಿಕೊಂಡು ಇದು ಹೋಯಿತು. ಈಗ ಇದು ಅವರದೇ. ಅವರ ತಾತನವರನ್ನು ನಾನು ನೋಡಿಲ್ಲ.

ಗಾರ್ಡ್ ಅವರು ಪತ್ರ ನಂಬಿದರು. ದುಡ್ಡು ಕಳಿಸಿ ಕಾರ್ಡು ತರಿಸಿಕೊಂಡರು, ಮತ್ತು ನಾಗಪುರದವನಿಗೆ ಅವನ ತಾತನ ವಿಷಯವಾಗಿ ಎರಡು ಮಾತು ಬರೆದರಂತೆ. ಒಟ್ಟಿನಲ್ಲಿ ಆತನಿಗೆ ಒಂಬತ್ತು ಸಾವಿರವೂ ಸಿಕ್ಕಿತು, ಕಳೆದುಕೊಂಡದ್ದು ಇಲ್ಲದ ತಾತನನ್ನು ಮಾತ್ರ. ಆದರೂ ಆತ ಬಿಡಲಿಲ್ಲ. ಡಿಸೆಂಬರಿನ ಒಂದು ಬೆಳಿಗ್ಗೆ ಪುಟ ತೆರೆದರೆ ಕೆಂಪು ಗುರುತು ಕೂತಿತ್ತು. ಪಕ್ಕದಲ್ಲಿ ಒಂದು ಸಾಲು: ಈಕೆಗೆ ತನ್ನ ಸರಕಿನ ಬೆಲೆಯೇ ತಿಳಿಯದು, ದೂರವಿರಿ. ನೂರು ಇದ್ದ ಜಾಗದಲ್ಲಿ ತೊಂಬತ್ತೆಂಟು ಚಿಲ್ಲರೆ.

ಇಂದ್ರಮ್ಮನವರನ್ನು ಕರೆಸಿದೆ. ಸಾಲನ್ನು ಓದಿ ಹೇಳಿದೆ, ಈ ಸಲ ಒಂದಕ್ಷರ ಬಿಡದೆ. ಅವರ ಕಣ್ಣು ತುಂಬಿತು. ಸೆರಗಿನಲ್ಲಿ ಒತ್ತಿಕೊಂಡರು. ನನಗಂತೂ ನಾಗಪುರಕ್ಕೇ ರೈಲು ಹತ್ತಿ ಹೋಗಿ ಆತನ ಕಾಲರ್ ಹಿಡಿಯಬೇಕೆನಿಸಿತು.

"ಇದಕ್ಕೆ ನಾವು ಉತ್ತರ ಹಾಕ್ಬೋದಾ?" ಎಂದು ಕೇಳಿದರು.

"ಹಾಕ್ಬೋದು. ಎಂಬತ್ತು ಅಕ್ಷರ, ಒಂದೇ ಸಲ. ಆಮೇಲೆ ತಿದ್ದೋಕಾಗಲ್ಲ. ನನಗೆ ಬಿಡಿ ಆಂಟಿ, ಅವನ ಜನ್ಮ ಜಾಲಾಡ್ತೀನಿ."

"ನಿಂಗೆ ಬಿಡಲ್ಲ. ಹೇಳ್ತೀನಿ, ಹಾಕು. ಕಾರ್ಡು ಅಸಲಿ. ಸುಮ್ನೆ ಕೊಟ್ಟಿದ್ದು. ವಾಪಸ್ ಕೇಳಿಲ್ಲ."

ಇಂಗ್ಲಿಷಿನಲ್ಲಿ ಹಾಕಿದೆ. ಹಾಕಿ ನೋಡಿದರೆ ಇನ್ನೇನು ಬರೆಯಲೂ ನನಗೆ ತೋಚಲಿಲ್ಲ. ಇಡೀ ಕಥೆ ಅಷ್ಟರಲ್ಲೇ ಇತ್ತು.

"ಮುಗೀತಾ ಜಾಗ?"

"ಇಲ್ಲ, ಇನ್ನೂ ಇಪ್ಪತ್ತೇಳು ಅಕ್ಷರ ಹಿಡಿಯತ್ತೆ."

ಇಂದ್ರಮ್ಮ ಎದ್ದು ನಿಂತು ಸೀರೆಯ ನೆರಿಗೆ ಸರಿಮಾಡಿಕೊಂಡರು. ಅಂಗಡಿ ತೆರೆಯುವ ಹೊತ್ತಾಗಿತ್ತು.

"ಹಂಗಾದ್ರೆ, ಮತ್ತೆ ಬನ್ನಿ ಅಂತ ಹಾಕು."